ಹೆಸರು ಹೇಳದ ಯಂತ್ರ, ಕೈ ಇಡದ ಸೂಚಿನ್

ಕಾವ್‌ಶ್ಯುಂಗ್ ಬಂದರಿನ ಹಿಂದಿನ ಕೇರಿಯಲ್ಲಿ ಸೂಚಿನ್ ಎಂದರೆ ಗೊತ್ತಿಲ್ಲದವರಿಲ್ಲ. ಕಡಲ ದೇವಿ ಮಾಜು ಅಮ್ಮನ ಗುಡಿಯ ಪಕ್ಕದ ಕೋಣೆಯಲ್ಲಿ ಅಜ್ಜಿಯರಿಗೆ ಕಂಪ್ಯೂಟರ್ ಕಲಿಸುವವಳು. ಕಲಿಸುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಾಳೆ. ಶಿಷ್ಯೆಯ ಮೌಸ್ ಮುಟ್ಟಿದವರು ಗುಡಿಯ ಯಜಮಾನರೇ ಆಗಿರಲಿ, ಬೈಗುಳ ತಪ್ಪಿದ್ದಲ್ಲ.

ಕಂಪ್ಯೂಟರು ಅವಳಿಗೆ ನಿನ್ನೆ ಮೊನ್ನೆಯ ಪರಿಚಯವೂ ಅಲ್ಲ. ಹದಿಹರೆಯದಲ್ಲಿ ಇದೇ ಬಂದರಿನ ಕಾರ್ಖಾನೆಯಲ್ಲಿ ಕೂತು, ಎಳ್ಳಿನಷ್ಟು ಸಣ್ಣ ಉಂಗುರಗಳಿಗೆ ಕೂದಲಿನಂಥ ತಂತಿ ಪೋಣಿಸುತ್ತಿದ್ದಳು. ಆ ಕಾಲದ ಕಂಪ್ಯೂಟರುಗಳ ನೆನಪೆಲ್ಲ ಆ ಉಂಗುರಗಳಲ್ಲೇ ಇರುತ್ತಿತ್ತು. ಲೋಕದ ಯಂತ್ರಗಳಿಗೆ ನೆನಪು ಕೊಟ್ಟವರು ನಾವು ಎಂದು ಈಗಲೂ ಎದೆಯುಬ್ಬಿಸುತ್ತಾಳೆ. ಉಬ್ಬಿಸಲಿ, ಸುಳ್ಳೇನಿಲ್ಲ.

ಅವಳ ಪಕ್ಕದಲ್ಲೇ ಕೂತು ಪೋಣಿಸಿದವಳು ಬಾವ್‌ಜು. ಆ ಸಾಲಿನ ಹುಡುಗಿಯರು ಈಗ ಊರೂರಿಗೆ ಚದುರಿದ ಅಜ್ಜಿಯರು. ಭಾನುವಾರ ಸಂಜೆ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಹಳೆಯ ಹಾಡು ಹೇಳುತ್ತಾರೆ. ಬಾವ್‌ಜು ಮಾತ್ರ ಇರುತ್ತಿರಲಿಲ್ಲ. "ಅವಳ ಕೈಲಾಗಲ್ಲ ಬಿಡಿ" ಎಂದು ಯಾರೋ ಅಂದದ್ದು ಕಿವಿಗೆ ಬಿದ್ದದ್ದೇ ತಡ, ಮೊಮ್ಮಗಳ ಹಳೇ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ಭಾನುವಾರ ಮಧ್ಯಾಹ್ನ ಗುಡಿಗೆ ಬಂದಳು.

"ಹಾಡಿನ ಕೂಟದ ಪ್ರೋಗ್ರಾಂ ಇಳಿಸ್ಕೊಂಡೆ ಕಣೇ, ತೆರೆಯೋದೇ ಇಲ್ಲ. ಎರಡು ಗುಂಡಿ ಇದ್ವು, ನಾನು ಮೇಲಿಂದು ಒತ್ತಿದೆ."

"ಒಂದು ಮ್ಯಾಕಿಗೆ, ಒಂದು ವಿಂಡೋಸಿಗೆ. ನಿನ್ನದು ಯಾವುದು?"

"ನನ್ನದು ಕಪ್ಪುದು."

ಕೋಣೆಯೆಲ್ಲ ನಕ್ಕಿತು. ಮುಚ್ಚಳದ ಮೇಲಿನ ಗುರುತು ನೋಡು ಎಂದಳು ಸೂಚಿನ್. ನೋಡುವುದೇನು ಬಂತು! ಯಂತ್ರ ಹಟ ಮಾಡದಿರಲಿ ಎಂದು ಬಾವ್‌ಜು ಅಮ್ಮನ ಹಳದಿ ರಕ್ಷೆ ಚೀಟಿಯನ್ನು ಆ ಗುರುತಿನ ಮೇಲೇ ಅಂಟಿಸಿದ್ದಳು. ಸಾಲದ್ದಕ್ಕೆ ಕೀಲಿಮಣೆಯ ಮೂಲೆಗೂ ಒಂದು.

"ಕೀಳೋಕೆ ಅಮ್ಮನ ಅಪ್ಪಣೆ ಬೇಕು, ಗುಡಿಯ ಜೋಡಿ ಮರದ ಹೋಳು ಎಸೆದು ಕೇಳೋಣ, ಒಂದು ಅಂಗಾತ ಒಂದು ಕವುಚಿ ಬಿದ್ರೆ ಹೂಂ ಅಂದಂಗೆ" ಎಂದಳು ಹಿಂದಿನ ಬೆಂಚಿನವಳು. ಕೇಳಿದ್ದೂ ಆಯಿತು. ಎರಡು ಹೋಳೂ ಕವುಚಿ ಬಿದ್ದವು. ಅಪ್ಪಣೆ ಇಲ್ಲ.

"ನೀನೇ ಒಮ್ಮೆ ನೋಡಿ ಹೇಳ್ಬಿಡೇ ಸೂಚಿನ್. ಆರಕ್ಕೆ ಹಾಡು ಶುರು. ಇವತ್ತೂ ನನ್ನ ಮುಖ ಕಾಣದಿದ್ರೆ ಅವರ ಪಾಲಿಗೆ ನಾನು ಸತ್ತಂಗೆ" ಎಂದು ಬಾವ್‌ಜು ಕಣ್ಣು ತುಂಬಿಕೊಂಡಳು.

ಪರದೆ ಕಂಡೊಡನೆಯೇ ಸೂಚಿನ್‌ಗೆ ಯಂತ್ರ ಯಾವುದೆಂದು ಗೊತ್ತಾಗಿತ್ತು. ನಾಲಿಗೆ ತುರಿಸಿತು. ಇವತ್ತು ಹೇಳಿಬಿಟ್ಟರೆ ಗೆಳತಿ ಪ್ರತಿ ಭಾನುವಾರ ಯಾರದಾದರೂ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ ಎಂದು ತುಟಿ ಬಿಗಿದಳು.

"ಅಳ್ಬೇಡ. ಹೊರಗೆ ಮುಚ್ಚಿದ್ರೇನು, ಒಳಗೆ ಹೆಸರು ಬರೆದಿರುತ್ತೆ. ಪರದೆ ಕೆಳಗಿನ ಪಟ್ಟೀಲಿ, ಎಡತುದಿಗೆ ಏನಿದೆ?"

"ನಾಲ್ಕು ಪುಟ್ಟ ಚೌಕ. ಕಿಟಕಿ ಥರ."

"ಒತ್ತು. ಹಲ್ಲಿನ ಚಕ್ರದ ಗುರುತು ಹುಡುಕಿ ಒತ್ತು. ಅದರೊಳಗೆ 'ವ್ಯವಸ್ಥೆ' ಅಂತಿದೆ. ತಳದಲ್ಲಿ 'ಇದರ ಬಗ್ಗೆ'. ಓದಿ ಹೇಳು."

ಬಾವ್‌ಜು ದಾರಿ ತಪ್ಪಿದಳು, ತೆರೆದದ್ದನ್ನೆಲ್ಲ ಮುಚ್ಚಿದಳು, ಯಂತ್ರಕ್ಕೂ ಸೂಚಿನ್‌ಗೂ ಸೇರಿಸಿ ಬೈದಳು, ಮತ್ತೆ ಚೌಕದಿಂದ ಶುರುಮಾಡಿದಳು. ಕಡೆಗೆ ಮೂಗನ್ನು ಪರದೆಗೆ ತಾಗಿಸಿ ಕೂಗಿದಳು: "ವಿಂಡೋಸ್ ಹತ್ತು! ಬರೆದೇ ಇದೆ ಕಣೇ!"

ಪ್ರೋಗ್ರಾಂ ಇಳಿಸುವ ಪುಟಕ್ಕೆ ಮರಳಿ, ಈ ಸಲ ವಿಂಡೋಸ್ ಎಂದಿದ್ದ ಕೆಳಗಿನ ಗುಂಡಿಯನ್ನು ತಾನೇ ಒತ್ತಿದಳು. ಆರಕ್ಕೆ ಪರದೆಯ ತುಂಬ ಹಳೆಯ ಮುಖಗಳು.

"ಅಯ್ಯೋ, ಬಾವ್‌ಜು! ಯಾರೇ ಮಾಡಿಕೊಟ್ಟಿದ್ದು?"

"ಯಾರು ಅಂದ್ರೆ? ನಾನೇ."

ಬೆನ್ನ ಹಿಂದೆ ಕೈ ಕಟ್ಟಿದ್ದ ಸೂಚಿನ್ ಎದೆಯುಬ್ಬಿಸಿ ನಿಂತಳು. ಆಗ ತಾಯ್‌ಚುಂಗ್ ಊರಿನಿಂದ ಕೂಟ ಸೇರಿದ್ದ ಯುಲಾನ್ ಮೆಲ್ಲಗೆ ಬಾಯಿಬಿಟ್ಟಳು: "ನನಗೆಲ್ಲ ಸೊಸೇನೇ ಹಚ್ಚಿಕೊಡೋದು ಕಣ್ರೇ. ನನ್ನದು ಯಾವ ವಿಂಡೋಸೋ, ಯಾವ ಮ್ಯಾಕೋ, ದೇವರಾಣೆ ಗೊತ್ತಿಲ್ಲ."

ಬಾವ್‌ಜು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಮೊದಲು ಸೊಸೇನ ಆಚೆ ಕಳಿಸು. ಈಗ ಹೇಳು, ಪರದೆ ಕೆಳಗಡೆ ಏನು ಕಾಣ್ತಿದೆ?"