ಮಗ್ಗ ನಿಲ್ಲಿಸಿ ಎಂದು ನಾನು ಹೇಳಿದ್ದು

ಕೊರೊನಾ ಮುಗಿದು ಎರಡು ವರ್ಷವಾಗಿತ್ತು. ತಮಿಳುನಾಡಿನ ಸೇಲಂ ಪಟ್ಟಣದಲ್ಲಿ ವಿಶೇಷ ಮಕ್ಕಳ ಒಂದು ಸಣ್ಣ ಚಿಕಿತ್ಸಾ ಕೇಂದ್ರದಲ್ಲಿ ನಾನು ಆಗ ಕ್ಲಿನಿಕಲ್ ಸೈಕಾಲಜಿಸ್ಟ್. ಇದೇ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದೆ. ಹುಟ್ಟಿದ್ದು ಪೆನ್ನಾಗರಂ ಹತ್ತಿರದ ಬೇಸಾಯದ ಮನೆಯಲ್ಲಿ. ಮನೆಮಾತು ಕನ್ನಡವಾದ್ದರಿಂದ ಮನೆಯಲ್ಲಿ ಕನ್ನಡವಾಡುವ ಅಲ್ಲಿನ ನೇಕಾರರ ಮಕ್ಕಳು ಬಂದರೆ ಫೈಲು ನೇರ ನನ್ನ ಮೇಜಿಗೇ ಬರುತ್ತಿತ್ತು. ಮಾತು ಗೊತ್ತಿದೆ ಎಂದಮೇಲೆ ಅವರ ಮನೆಯೂ ಗೊತ್ತು ಎಂಬ ಜಂಬ ನನಗಿತ್ತು.

ಭುವನಾ ಬಂದದ್ದು ಜನವರಿಯಲ್ಲಿ. ನೇಕಾರರ ಮನೆಯ ಒಂಬತ್ತು ವರ್ಷದ ಹುಡುಗಿ, ಆಟಿಸಂ ಇತ್ತು. ಓಮಲೂರು ದಾರಿಯ ವಿಶೇಷ ಶಾಲೆಯೊಂದರಲ್ಲಿ ಸೀಟು ಸಿಕ್ಕಿತ್ತು, ಆದರೆ ಅಲ್ಲಿಗೆ ನಲವತ್ತು ನಿಮಿಷ ಬಸ್ಸಿನಲ್ಲಿ ಹೋಗಬೇಕು. ಅವಳಿಗೋ ಬಸ್ಸೆಂದರೆ ಜೀವಭಯ. ಹಿಂದಿನ ವರ್ಷ ಬಸ್ ಸ್ಟ್ಯಾಂಡಿನಲ್ಲಿ ತಾಯಿಯ ಕೈ ಬಿಡಿಸಿಕೊಂಡು ರಸ್ತೆಗೆ ಓಡಿದ್ದಳು. ಲಾರಿಯೊಂದು ಗೇಣು ದೂರದಲ್ಲಿ ನಿಂತಿತ್ತು. ಅಂದಿನಿಂದ ಅವಳು ಬಸ್ಸಿನ ಹತ್ತಿರ ಸುಳಿದಿರಲಿಲ್ಲ; ನಮ್ಮ ಕೇಂದ್ರಕ್ಕೂ ತಾಯಿ ನಡೆಸಿಕೊಂಡೇ ಕರೆತರುತ್ತಿದ್ದಳು. ಜೂನ್ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಸೀಟು ಬೇರೆ ಮಗುವಿಗೆ ಎಂದು ಶಾಲೆಯವರು ಹೇಳಿದ್ದರು.

“ಈ ಪಳ್ಳಿಕೂಡದ ಸೀಟೂ ಕೈ ತಪ್ಪಿದ್ರೆ ಪಾಪಾ ಮನೇಲೇ ಇದ್ಬುಡ್ತಾಳೆ ಮೇಡಂ,” ಎಂದಳು ತಾಯಿ ಮಂಜುಳಾ.

ನಮ್ಮ ಕೇಂದ್ರಕ್ಕೆ ಆಗಷ್ಟೇ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಬಂದಿತ್ತು. ಕಣ್ಣಿಗೆ ಕಟ್ಟುವ ದಪ್ಪ ಕನ್ನಡಕದಂಥ ಸಾಧನ ಅದು. ಒಳಗೆ ವಿಡಿಯೊ ಓಡುತ್ತದೆ, ತಲೆ ತಿರುಗಿಸಿದ ಕಡೆಗೆಲ್ಲ ಆ ಜಾಗವೇ ಕಾಣುತ್ತದೆ. ಹೆದರಿಕೆಯ ಜಾಗವನ್ನು ಮಗುವಿಗೆ ಸ್ವಲ್ಪ ಸ್ವಲ್ಪವೇ ತೋರಿಸುತ್ತ ಹೋಗಬಹುದು, ಬೇಡವೆಂದರೆ ಥಟ್ಟನೆ ತೆಗೆದುಬಿಡಬಹುದು. ಇದನ್ನು ನಾವು ಗ್ರೇಡೆಡ್ ಎಕ್ಸ್‌ಪೋಷರ್ ಎನ್ನುತ್ತೇವೆ. ಅದರ ಜೊತೆ ಬಂದ ವಿಡಿಯೊದ ಬಸ್ಸು ಯಾವ ದೇಶದ್ದೋ ಏನೋ, ಹಾರ್ನಿಲ್ಲ, ವಿಸಿಲ್ಲಿಲ್ಲ, ನಿಂತುಕೊಂಡವರೇ ಇಲ್ಲ. ಅದನ್ನು ನೋಡಿ ಕಲಿತ ಮಗು ನಮ್ಮ ಬಸ್ಸು ಹತ್ತಿದ ಹಾಗೇ ಇತ್ತು. ನಾನೇ 360 ಡಿಗ್ರಿ ಕ್ಯಾಮೆರಾ ಹಿಡಿದು ಮೂರು ಬೆಳಿಗ್ಗೆ ಓಮಲೂರು ಬಸ್ಸಿನಲ್ಲಿ ಓಡಾಡಿದೆ. “ಎನ್ನಮ್ಮಾ, ಸಿನಿಮಾವಾ?” ಎಂದು ಕಂಡಕ್ಟರ್ ಗೇಲಿ ಮಾಡಿದ. ದೂರದಲ್ಲಿ ನಿಂತ ಖಾಲಿ ಬಸ್ಸಿನಿಂದ ಹಿಡಿದು ಕಾಲಿಡಲು ಜಾಗವಿಲ್ಲದ ಬಸ್ಸಿನವರೆಗೆ ಏಳು ಹಂತ ಮಾಡಿದೆ.

ಕೇಂದ್ರದಲ್ಲಿ ಐದು ವಾರದಲ್ಲಿ ಭುವನಾ ನಾಲ್ಕನೇ ಹಂತಕ್ಕೆ ಬಂದಳು. ನಾನು ಉಬ್ಬಿಹೋದೆ. ಫೋನ್ ಸಿಕ್ಕಿಸುವ ಸಾದಾ ಹೆಡ್‌ಸೆಟ್ ಒಂದನ್ನು ಮನೆಗೆ ಕೊಟ್ಟು, ದಿನಕ್ಕೆ ಎರಡು ಸಲ, ಐದೈದು ನಿಮಿಷ ಎಂದೆ. ಆಟಿಸಂ ಮಕ್ಕಳಿಗೆ ಗಲಾಟೆ ಆಗದು ಎಂಬುದು ನಮ್ಮ ಪಾಠದ ಮೊದಲ ಪುಟ. “ಆ ಹೊತ್ತಿನಲ್ಲಿ ಮಗ್ಗ ನಿಲ್ಲಿಸಿಬಿಡಿ,” ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅಪ್ಪ ಗಣೇಶ “ಸರಿಂಗ ಮೇಡಂ” ಎಂದ. ಮಂಜುಳಾ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು.

ಎರಡು ವಾರಕ್ಕೆ ಎಲ್ಲ ತಲೆಕೆಳಗಾಯಿತು. ಹೆಡ್‌ಸೆಟ್ ಕಂಡರೆ ಸಾಕು, ಹುಡುಗಿ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದಳು. ಮೊದಲ ಹಂತದ ಖಾಲಿ ಬಸ್ಸನ್ನೂ ನೋಡಲೊಲ್ಲಳು. ನನಗೆ ಮೂಗಿನ ತುದಿಯಲ್ಲೇ ಕೋಪ. “ಅವಸರ ಮಾಡಿರಬೇಕು ನೀವು. ಹೇಳಿದಷ್ಟು ಮಾಡೋಕೆ ಏನು ಕಷ್ಟ?” ಎಂದು ಮಂಜುಳಾಳ ಮೇಲೆ ಹರಿಹಾಯ್ದೆ. ಅವಳು ತಲೆ ತಗ್ಗಿಸಿ ಮಗಳ ಕೈಗೆ ಎಣ್ಣೆ ಸವರುತ್ತ ಕೂತಿದ್ದಳು.

ಮರುದಿನ ಅವರ ಮನೆಗೇ ಹೋದೆ. ಒಂದೇ ಕೋಣೆ, ಅದರ ಮುಕ್ಕಾಲು ಪಾಲು, ನೆಲದ ಗುಂಡಿಯಲ್ಲಿ ಕಾಲಿಳಿಸಿ ತುಳಿಯುವ ಗುಂಡಿಮಗ್ಗ. ನಾನು ಹೊಸಿಲು ದಾಟುತ್ತಲೇ ಗಣೇಶ ಮರ್ಯಾದೆಗೆ ಮಗ್ಗ ನಿಲ್ಲಿಸಿ ಎದ್ದ. ಅಲ್ಲಿಯವರೆಗೆ ನೂಲಿನುಂಡೆ ಉರುಳಿಸುತ್ತ ನಗುತ್ತಿದ್ದ ಭುವನಾ ಗೋಡೆಯ ಸಂದಿಗೆ ಸರಿದು ಕಿವಿ ಮುಚ್ಚಿಕೊಂಡಳು. ಮುಚ್ಚಿಕೊಳ್ಳಲು ಅಲ್ಲಿ ಸದ್ದೇ ಇರಲಿಲ್ಲ.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅಜ್ಜಿ ಚೌಡಮ್ಮ ಹೇಳಿದಳು: “ಅವಳ ತಾತ ತೀರ್ಕೊಂಡಾಗ ಹತ್ತು ದಿನ ಮಗ್ಗ ಮುಟ್ಲಿಲ್ಲಮ್ಮಾ. ನಮ್ಮಲ್ಲಿ ಸಾವಾದ್ರೆ ಅಂಗೇ. ಮನೆ ತುಂಬಾ ಅಳು. ಆವತ್ತಿಂದ ಹಗಲೊತ್ತಲ್ಲಿ ಮಗ್ಗ ನಿಂತ್ರೆ ಇವಳಿಗೆ ಬಯ. ಯಾರೋ ಓಗ್ಬುಟ್ರು ಅನ್ಕೋತಾಳೆ.”

ನನ್ನ ಮುಖಕ್ಕೆ ಹೊಡೆದಂತಾಯಿತು. ದಿನಕ್ಕೆ ಎರಡು ಸಲ ಆ ಮಗುವಿಗೆ ಸಾವಿನ ಮನೆ ತೋರಿಸಿ, ಮೇಲೆ ಬಸ್ಸನ್ನೂ ತೋರಿಸಿದ್ದೆ. ತಪ್ಪು ಬಸ್ಸಿನದಲ್ಲ, ಮಂಜುಳಾಳದಂತೂ ಅಲ್ಲವೇ ಅಲ್ಲ.

ಹೆಡ್‌ಸೆಟ್ ಎತ್ತಿಟ್ಟೆವು. ಮೊದಲು ಮಗ್ಗ ನಿಂತರೆ ಆಗುವ ಭಯ ಹೋಗಲಿ ಎಂದೆ. ಗಣೇಶ ಭುವನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಲ್ಲಿಸುವ ಮುಂಚೆ ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಕಾಲು ತೆಗೆದು ಮತ್ತೆ ತುಳಿಯುತ್ತಿದ್ದ. ವಾರ ಕಳೆದಂತೆ ಒಂದು ನಿಮಿಷ, ಆಮೇಲೆ ಐದು ನಿಮಿಷ. ಏಪ್ರಿಲ್‌ನಲ್ಲಿ ಅವನು ನಿಲ್ಲಿಸಿ ಊಟಕ್ಕೆದ್ದರೂ ಅವಳು ಸಂದಿಗೆ ಓಡಲಿಲ್ಲ. ಆಗ ಹೆಡ್‌ಸೆಟ್ ಮತ್ತೆ ತೆಗೆದೆವು, ಈ ಸಲ ಮಗ್ಗ ಓಡುತ್ತಿರುವಾಗಲೇ. ಜೂನ್ ಎರಡನೇ ವಾರಕ್ಕೆ ಏಳನೇ ಹಂತ ಮುಗಿಯಿತು.

ಮೂರನೇ ವಾರ ನಿಜವಾದ ಬಸ್ಸು ಹತ್ತಿದೆವು. ಭುವನಾ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿ ಪಕ್ಕ ಕೂತಳು. ಹಾರ್ನಿಗೆ ಬೆಚ್ಚಿದಳು, ಅಳಲಿಲ್ಲ. ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಡ್ರೈವರ್ ಇಂಜಿನ್ ಆಫ್ ಮಾಡಿದ. ಇಡೀ ಬಸ್ಸು ಗಪ್‌ಚಿಪ್. ನನ್ನ ಏಳು ಹಂತಗಳಲ್ಲಿ ಇದೊಂದು ಇರಲಿಲ್ಲ. ಹುಡುಗಿ ಡ್ರೈವರ್ ಬೆನ್ನನ್ನೇ ನೋಡುತ್ತ, “ನಿಂತೈತೆ. ಮತ್ತೆ ಓಡ್ತೈತೆ,” ಎಂದಳು. ಯಾರಿಗೆ ಹೇಳಿದಳೋ, ನನಗಂತೂ ಕಣ್ಣೀರು ತಡೆಯಲಾಗಲಿಲ್ಲ. ಸೀಟು ಅವಳಿಗೇ ಉಳಿಯಿತು.

ಶಾಲೆಯ ಜಗುಲಿಯಲ್ಲಿ ಮಂಜುಳಾಳ ಕೈ ಹಿಡಿದು, ಅಂದು ಬೈದದ್ದಕ್ಕೆ ಕ್ಷಮೆ ಕೇಳಿದೆ.

“ಪರವಾಯಿಲ್ಲ ಮೇಡಂ,” ಎಂದಳು. “ಮಗ್ಗ ನಿಲ್ಸಿ ಅಂದಾಗ್ಲೇ ನಂಗೆ ಗೊತ್ತಿತ್ತು. ಓದಿರೋರು, ನಿಮ್ಗೆ ಗೊತ್ತಿರ್ತೈತೆ ಅಂತ ಸುಮ್ನಾದೆ.”

ಆ ಮನೆಯವರಿಗೆ ನಾನು ಋಣಿ. ಮಗ್ಗ ತುಳಿದ ಅಪ್ಪನಿಗೆ, ಬಾಯಿಬಿಟ್ಟು ಹೇಳಿದ ಅಜ್ಜಿಗೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಬೈಗುಳ ನುಂಗಿಕೊಂಡೂ ಮಗಳನ್ನು ಮತ್ತೆ ನನ್ನ ಬಳಿಗೇ ಕರೆತಂದ ಮಂಜುಳಾಗೆ. ನಿವೃತ್ತಳಾಗುವವರೆಗೂ ನಾನು ಯಾವ ತಾಯಿಗೂ ಮನೆಯ ಅಭ್ಯಾಸ ಬರೆದುಕೊಟ್ಟು ಹಾಗೇ ಕಳಿಸಲಿಲ್ಲ. “ಇದರಲ್ಲಿ ನಿಮ್ಮ ಮಗುವಿಗೆ ಆಗದ್ದು ಏನಿದೆ?” ಎಂದು ಕೇಳಿ, ಪೆನ್ನು ಕೆಳಗಿಟ್ಟು, ಅವಳು ಹೇಳುವವರೆಗೆ ಕಾಯುತ್ತಿದ್ದೆ.