ಹೊಳೆಯಬಾರದ ತಟ್ಟೆ ಹೊಳೆದದ್ದು

ಪ್ರಯೋಗಾಲಯದಲ್ಲಿ ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದವನು ನಾನು. ಯಾರಾದರೂ ವಿಚಿತ್ರ ಅನುಭವ ಹೇಳತೊಡಗಿದರೆ, ಇವರು ಸರಿಯಾಗಿ ನೋಡಿಲ್ಲ ಎಂದುಕೊಂಡು ಎದ್ದು ಹೋಗುತ್ತಿದ್ದೆ. ಈಗ ಹೇಳುವುದನ್ನು ನಾನೇ ನೋಡಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಅದಿರಿನ ಲಾರಿಗಳು ಹೊಸಪೇಟೆಯ ರಸ್ತೆಗಳನ್ನು ಹಗಲೂ ರಾತ್ರಿ ನಡುಗಿಸುತ್ತಿದ್ದ ಕಾಲ. ಸಂಡೂರಿನ ಗಣಿಗಳಲ್ಲಿ ಗಾಯಗೊಂಡವರ ಹುಣ್ಣುಗಳಿಂದ ಬಂದ, ಹೆಚ್ಚಿನ ಔಷಧಿಗಳಿಗೆ ಜಗ್ಗದ ಒಂದು ಬ್ಯಾಕ್ಟೀರಿಯಾವನ್ನು ನಮ್ಮ ಕಾಲೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಅದು ತನ್ನ ವಿಷದ ಜೀನನ್ನು ಯಾವಾಗ ಚಾಲೂ ಮಾಡುತ್ತದೆ ಎಂಬುದು ನಮ್ಮ ಪ್ರಶ್ನೆ. ಆ ಜೀನಿನ ಸ್ವಿಚ್ಚಿಗೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನನ್ನು ಜೋಡಿಸಿದ್ದೆವು. ಸ್ವಿಚ್ಚು ಬಿದ್ದರೆ ನೀಲಿ ದೀಪದ ಕೆಳಗೆ ಬ್ಯಾಕ್ಟೀರಿಯಾ ಹೊಳೆಯುತ್ತದೆ. ಹೋಲಿಕೆಗೆಂದು, ಏನನ್ನೂ ಜೋಡಿಸದ ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಯೊಂದು ಪಕ್ಕದಲ್ಲಿರುತ್ತಿತ್ತು. ಅದು ಎಂದೂ ಹೊಳೆಯುವಂತಿಲ್ಲ.

ಒಂದು ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಆ ತಟ್ಟೆ ಹೊಳೆಯಿತು. ನನ್ನ ಜೊತೆಗಿದ್ದವಳು ಕಂಪ್ಲಿಯ ಗಿರಿಜಾ, ಸಂಶೋಧನಾ ವಿದ್ಯಾರ್ಥಿನಿ.

"ಸರ, ನಿಮಗೂ ಕಾಣಾಕತ್ತೈತೇನ್ರಿ?" ಎಂದಳು.

"ಕಾಣಾಕತ್ತೈತಿ. ತಟ್ಟೆ ಅದಲುಬದಲು ಮಾಡೀಯೇನು?"

"ಇಲ್ರೀ. ತಟ್ಟಿ ಮ್ಯಾಲೆ ಹೆಸರು ನೀವ ಬರ್ದೀರಿ. ಬೈಯೋದಿದ್ರ ನಿಮಗ ನೀವ ಬೈಕೊಳ್ರಿ."

ನಮ್ಮಲ್ಲಿ ಒಂದು ನಿಯಮವಿತ್ತು. ಹೊಳೆಯಬಾರದ್ದು ಹೊಳೆದರೆ ಮೊದಲ ಅನುಮಾನ ನಮ್ಮ ಕೈಗಳ ಮೇಲೆ; ಒಂದು ತಟ್ಟೆಯದು ಇನ್ನೊಂದಕ್ಕೆ ತಗುಲುವುದು ಕೈಯಿಂದಲೇ. ಕೆಲಸ ನಿಲ್ಲಿಸಿ, ದೀಪ ಹಾಕಿ, ಗ್ಲೌಸ್ ಪರೀಕ್ಷಿಸಬೇಕು.

"ಊಟಕ್ಕ ಹೋಗಾಗ ನೋಡೋಣು ಬಿಡ್ರಿ ಸರ, ಇನ್ನೂ ಭಾಳ ಕೆಲಸ ಐತಿ," ಎಂದಳು. ನಾನು ದೀಪ ಹಾಕಿಬಿಟ್ಟೆ.

ಅವಳ ಬಲಗೈ ತೋರುಬೆರಳಿನ ತುದಿಯಲ್ಲಿ ಗ್ಲೌಸ್ ಹರಿದಿತ್ತು. ಒಳಗೆ ಹಸಿ ಗಾಯ. ಗಾಜಿನ ಚೂರು ಯಾವಾಗ ತಗುಲಿತೋ ಅವಳಿಗೆ ತಿಳಿದೇ ಇರಲಿಲ್ಲ. ಕೈ ತೊಳೆಸಿ ಆಸ್ಪತ್ರೆಗೆ ಕರೆದೊಯ್ದೆ. ಈ ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆಂದು ವೈದ್ಯರಿಗೆ ನಾನೇ ಹೇಳಿದೆ. ಆದರೂ ಜ್ವರ ಬಂತು, ಬಾವು ಅಂಗೈವರೆಗೆ ಏರಿತು, ಪುಣ್ಯಕ್ಕೆ ಅಲ್ಲಿಗೇ ನಿಂತಿತು. ಇನ್ನು ಕೆಲವು ಗಂಟೆ ತಡವಾಗಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು, ಬಹುಶಃ ಕೈಯನ್ನೇ, ಎಂದರು ವೈದ್ಯರು.

ಅದೇ ತಟ್ಟೆಯನ್ನು ಮರುದಿನ ಬೆಳಿಗ್ಗೆ ಮತ್ತೆ ನೀಲಿ ದೀಪದ ಕೆಳಗಿಟ್ಟೆ. ಹೊಳೆಯಲಿಲ್ಲ. ಅದರಲ್ಲಿ ಬೆಳೆದದ್ದನ್ನೆಲ್ಲ ಪರೀಕ್ಷಿಸಿದೆ; ಹಸಿರು ಜೀನು ಎಲ್ಲೂ ಇರಲಿಲ್ಲ. ದೀಪ, ಫಿಲ್ಟರ್, ಪಕ್ಕದ ತಟ್ಟೆಯ ಬೆಳಕು, ಎಲ್ಲವನ್ನೂ ನೋಡಿದೆ. ಕಣ್ಣಿನ ಆಯಾಸವೆನ್ನೋಣವೆಂದರೆ ಕಂಡದ್ದು ಇಬ್ಬರಿಗೂ.

ಗಿರಿಜಾ ಕೆಲಸಕ್ಕೆ ಮರಳಿದಾಗ ಇದನ್ನು ಹೇಳಿದೆ.

"ಯಾರೋ ತೋರ್ಸಿದ್ರು ಅಂದ್ಕೊಳ್ರಿ ಸರ."

"ಯಾರು?"

"ನಿಮಗ ಗೊತ್ತಿಲ್ಲಂದ್ರ ನನಗ ಹೆಂಗ ಗೊತ್ತಿರ್ತೈತ್ರಿ?"

ಐದೂ ಬೆರಳು ಮಡಚಿ, ಬಿಡಿಸಿ ತೋರಿಸಿ, ಸಿಂಕಿನ ಬಳಿ ಹೋಗಿ ಗಾಜಿನ ಕೊಳವೆಗಳನ್ನು ತೊಳೆಯತೊಡಗಿದಳು. ತರಗತಿಯ ಗಂಟೆ ಬಾರಿಸಿದರೂ ನಾನು ಅವಳ ಕೈಯನ್ನೇ ನೋಡುತ್ತ ನಿಂತಿದ್ದೆ. ಎದೆ ತುಂಬ ಕೃತಜ್ಞತೆ ಇತ್ತು. ಅದನ್ನು ಯಾರಿಗೆ ಸಲ್ಲಿಸಬೇಕೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ.