ನರ್ಸಮ್ಮ ಬರೆದಿಟ್ಟ ಕಾಗದ

ಸಂಜೆ ನಾಲ್ಕು ಇಪ್ಪತ್ತಕ್ಕೆ, ಗುತ್ತಲಿನ ನಮ್ಮ ಎದುರು ಮನೆಯ ನಿವೃತ್ತ ನರ್ಸಮ್ಮ ಬಟ್ಟೆ ಮಡಿಸುತ್ತಲೇ ಕುಸಿದರು. ಅವರದು ಒಂಟಿ ಜೀವ. "ಬರ್ದಿಟ್ಬುಡ್ರಮ್ಮ, ಬಾಯಿ ಬಿದ್ದೋದ್ಮೇಲೆ ಯಾರ್ನ ಕೇಳ್ತಾರೆ?" ಎಂದು ಬೀದಿಗೆಲ್ಲ ಹೇಳುತ್ತಿದ್ದವರು, ತಮಗೆ ಪ್ರಜ್ಞೆ ತಪ್ಪಿದರೆ ಚಿಕಿತ್ಸೆ ತೀರ್ಮಾನಿಸುವ ಅಧಿಕಾರವನ್ನು ನನಗೆ ಬರೆದುಕೊಟ್ಟಿದ್ದರು. ಸಂಬಂಧ ಎಂಬಲ್ಲಿ 'ಎದುರು ಮನೆ' ಎಂದಿತ್ತು. ಗುಣವಾಗುವ ಆಸೆ ಇಲ್ಲದಿದ್ದರೆ ಯಂತ್ರ ಬೇಡ ಎಂದೂ ಇತ್ತು.

"ಉಸಿರಾಟದ ಯಂತ್ರ ಹಾಕದಿದ್ರೆ ಉಳಿಯಲ್ಲ, ಹಾಕಿದ್ರೂ ಹೇಳೋಕಾಗಲ್ಲ" ಎಂದರು ಆಸ್ಪತ್ರೆಯ ಡಾಕ್ಟರು. ಆಸೆಯೇ ಇಲ್ಲ ಎಂದಿರಲಿಲ್ಲವಲ್ಲ, ಹಾಕಿ ಎಂದು ಸಹಿ ಮಾಡಿದೆ. ಅವತ್ತಿಂದ ರಾತ್ರಿ ನಿದ್ದೆ ಹತ್ತಲಿಲ್ಲ.

ಒಂಬತ್ತನೇ ದಿನ ಗುಣವಾಗಿ ಮನೆಗೆ ಬಂದ ನರ್ಸಮ್ಮ ಆ ಕಾಗದವನ್ನು ಅಂಗೈಯಿಂದ ನೇವರಿಸಿ, "ಹೆದ್ರುಬುಟ್ಯೇನಮ್ಮ? ಬೇರೆಯೋರ ಹೆಸ್ರು ಬರ್ಸ್ಲಾ?" ಎಂದರು.

"ಯಾರ್ದು?"

ಅವರು ಬೀದಿಯ ಎರಡೂ ತುದಿ ನೋಡಿದರು.

"ನಂದೇ ಇರ್ಲಿ ಬುಡಿ" ಎಂದೆ. ಅವತ್ತು ರಾತ್ರಿ ಬೆಳಗಿನವರೆಗೂ ನಿದ್ದೆ ಮಾಡಿದೆ.